ಅಂಗಿಗೆ ಚೆಲ್ಲಿದ ಎಥನಾಲ್

ನಾಶಿಕದ ಸಾತಪುರದಲ್ಲಿ ನನ್ನ ಮನೆ ಮಾಲಕಿ ವಿಜಯಪುರದ ಕಡೆಯವರು. ಕುಡಿಯುವವರಿಗೆ ಮನೆ ಕೊಡುವುದಿಲ್ಲ. ನಾನು ಕುಡಿಯುವುದಿಲ್ಲ. ಆದರೆ ನನ್ನ ಕೆಲಸ ಕಬ್ಬಿನಿಂದ ಎಥನಾಲ್, ಅಂದರೆ ಮದ್ಯಸಾರ, ತೆಗೆಯುವ ಕಾರ್ಖಾನೆಯಲ್ಲಿ. ಒಂದು ದಿನ ಟ್ಯಾಂಕರಿನಿಂದ ಸ್ಯಾಂಪಲ್ ತೆಗೆಯುವಾಗ ಅಂಗಿಯ ಮೇಲೆ ಚೆಲ್ಲಿತು. ಸಂಜೆ ಅದೇ ಅಂಗಿಯಲ್ಲಿ ಮನೆಗೆ ಬಂದೆ.

ಮಾಲಕಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. "ತಲಿ ಬೆಳ್ಳಗಾಗೇತಿ, ನಾಚಿಗಿ ಇಲ್ಲೇನ್ರಿ? ನಾಳೆ ಮನಿ ಖಾಲಿ ಮಾಡ್ರಿ."

"ಕುಡಿದಿಲ್ರಿ ಅಕ್ಕಾರ. ಇದು ಪೆಟ್ರೋಲಿಗೆ ಬೆರೆಸೋದು."

"ನಮ್ಮನಿಯವರು ಸಾಯೂತನಾ ಔಷಧ ಅಂದ್ರು. ಪೆಟ್ರೋಲ್ ಅಂದವರು ನೀವ ಮೊದಲು."

ಅಷ್ಟರಲ್ಲಿ ಅವರ ಮಗ ಬೈಕಿನಲ್ಲಿ ಬಂದ. "ಯವ್ವಾ, ಕಾಕಾ ಹೇಳೂದು ಖರೇ ಐತಿ. ನನ್ನ ಗಾಡಿ ಪೆಟ್ರೋಲ್‌ನಾಗೂ ಅದನ್ನ ಬೆರೆಸಿರ್ತಾರ" ಎಂದ. ಮಗನ ಮಾತನ್ನು ಅವರು ನಂಬಿದರು. ನನ್ನ ಮನೆ ಉಳಿಯಿತು.

ಮುಂದಿನ ಶನಿವಾರ ಮಗ ಸರಸರನೆ ಒಳಗೆ ನುಗ್ಗಲು ನೋಡಿದ. ತಾಯಿಗೆ ಅದೇ ವಾಸನೆ ಬಡಿಯಿತು.

"ಪೆಟ್ರೋಲ್ ಹಾಕಿಸುವಾಗ ಮೈಮ್ಯಾಲ ಬಿತ್ತು ಯವ್ವಾ. ಬೇಕಾದ್ರ ಕಾಕಾಗ ಕೇಳು."

ನಾನು ಹೌದೆಂದು ತಲೆಯಾಡಿಸಿದೆ.

ಅಂದಿನಿಂದ ಅವನು ಪ್ರತಿ ಶನಿವಾರ ಪೆಟ್ರೋಲ್ ಹಾಕಿಸುತ್ತಾನೆ. ಬೈಕು ಗ್ಯಾರೇಜಿಗೆ ಹೋಗಿ ತಿಂಗಳಾಯಿತು. ನಾನು ಬಾಯಿ ಬಿಟ್ಟಿಲ್ಲ. ಸಾತಪುರದಲ್ಲಿ ಬೇರೆ ಮನೆ ಸಿಗುವುದು ಕಷ್ಟ.