ವಿಭೂತಿ ಹಚ್ಚಿದ ಗಾಳದ ನೊಣ

ಚಾಮರಾಜಪೇಟೆಯಲ್ಲಿ ನಮ್ಮ ಮನೆಗೆ ಸರಿಯಾಗಿ ಎದುರಿಗೆ ಪಂಚಾಕ್ಷರಯ್ಯನವರ ನೂಲಿನ ಅಂಗಡಿ. ಶಿವದಾರ, ಉಡಿದಾರ, ರೇಷ್ಮೆ ನೂಲು, ಜರಿ, ಗುಂಡಿ, ದಾರಕ್ಕೆ ಸವರುವ ಮೇಣ, ಒಂದು ಮೂಲೆಯಲ್ಲಿ ನವಿಲುಗರಿಯ ಕಟ್ಟು. ಅಯ್ಯನವರು ಎಷ್ಟು ಮಡಿವಂತರೆಂದರೆ ಮೊಟ್ಟೆ ಎಂಬ ಮಾತನ್ನೂ ಬಾಯಲ್ಲಿ ಆಡುವವರಲ್ಲ, 'ಆ ಬೆಳ್ಳಗಿನದು' ಎನ್ನುತ್ತಾರೆ. ಇಂಥವರ ಅಂಗಡಿಯೇ ಈ ಊರಿನ ಮೀನು ಹಿಡಿಯುವವರ ಮಠವಾಗಿ ಹೋಯಿತು.

ಅದಕ್ಕೆ ಕಾರಣ ನಾರಾಯಣಪ್ಪನವರು. ಅರಣ್ಯ ಇಲಾಖೆಯಲ್ಲಿ ರೇಂಜರಾಗಿ ನಿವೃತ್ತರಾದವರು. ಬಿಳಿಯ ಸಾಹೇಬರ ಜೊತೆ ಕಾಡು ಸುತ್ತುವಾಗ ಅವರ ಒಂದು ಹುಚ್ಚನ್ನು ಇವರೂ ಅಂಟಿಸಿಕೊಂಡು ಬಂದರು. ಗಾಳದ ಕೊಕ್ಕೆಗೆ ಎರೆಹುಳ ಚುಚ್ಚುವ ಬದಲು ರೇಷ್ಮೆ, ಜರಿ, ಗರಿ ಸುತ್ತಿ ಥೇಟ್ ನೊಣದ ಹಾಗೆ ಕಟ್ಟುವುದು. ಅದನ್ನು ನೀರಿನ ಮೇಲೆ ಎಸೆದರೆ ಮೀನು ನಿಜವಾದ ನೊಣವೆಂದು ಹಾರಿ ಬಾಯಿ ಹಾಕಬೇಕು. ಸಾಹೇಬರು ದೇಶ ಬಿಟ್ಟ ಮೇಲೆ ದಂಡು ಪ್ರದೇಶದಲ್ಲಿ ಅದರ ಸಾಮಾನು ಮಾರುತ್ತಿದ್ದ ಅಂಗಡಿಯೂ ಬಾಗಿಲು ಹಾಕಿತು. ನಾರಾಯಣಪ್ಪನವರು ಬೆಂಕಿಪೊಟ್ಟಣದಲ್ಲಿ ಒಂದು ಹಳೆಯ ನೊಣ ಇಟ್ಟುಕೊಂಡು ಪೇಟೆಯೆಲ್ಲ ಅಲೆದು ಕೊನೆಗೆ ನಮ್ಮ ಬೀದಿಗೆ ಬಂದರು.

"ಅಯ್ನೋರೆ, ಈ ಬಣ್ಣದ ರೇಷ್ಮೆ ಐತಾ?"

ಮೊಮ್ಮಗಳ ಬೊಂಬೆಗೆ ಇರಬೇಕೆಂದು ಅಯ್ಯನವರು ಹತ್ತು ಉಂಡೆ ತೆಗೆದು ಹರಡಿದರು. ಬೊಂಬೆಗಲ್ಲ, ಮೀನಿಗೆ ಎಂದು ತಿಳಿಯುವ ಹೊತ್ತಿಗೆ ನಾರಾಯಣಪ್ಪನವರ ಹಿಂದೆ ಗೆಳೆಯ ಶೀನಣ್ಣ, ಶೀನಣ್ಣನ ಹಿಂದೆ ಅವನ ಕಚೇರಿಯವರು, ಹೀಗೆ ಒಂದು ದಂಡೇ ಅಂಗಡಿಯ ಬೆಂಚು ಹಿಡಿದು ಕೂತಿತ್ತು. ಬೇಡ ಎನ್ನೋಣವೆಂದರೆ ಬೇರೆ ವ್ಯಾಪಾರ ಸೊರಗಿತ್ತು. ಹೆಂಗಸರೆಲ್ಲ ಚಿಕ್ಕಪೇಟೆಯ ದೊಡ್ಡ ಅಂಗಡಿಗಳಿಗೆ ಹೋಗುತ್ತಿದ್ದರು. ಈ ಅಂಗಡಿ ಮುಚ್ಚಿದರೆ ಅಯ್ಯನವರಿಗೆ ಉಳಿಯುವುದು ತರಗುಪೇಟೆಯಲ್ಲಿ ಹೆಂಡತಿಯ ಅಣ್ಣ ರೇವಣಸಿದ್ದಯ್ಯನ ಬೇಳೆ ಮಂಡಿ. ಅಲ್ಲಿ ಭಾವಮೈದುನನ ಗದ್ದಿಗೆಯ ಕೆಳಗೆ ಒಂದು ಚಾಪೆ, ದಿನವಿಡೀ ಅವನ ಉಪದೇಶ. "ಅದಕ್ಕಿಂತ ಕಾಶಿಗೆ ನಡ್ಕೊಂಡು ಹೋಗೋದು ವಾಸಿ" ಎನ್ನುತ್ತಿದ್ದರು.

ಈ ಗಾಳದವರಿಗೆ ಏನು ಬೇಕೆಂದು ಎದುರು ಜಗುಲಿಯಲ್ಲಿ ಮಗಳು ಪುಟ್ಟಿಗೆ ಗಂಜಿ ಕುಡಿಸುತ್ತಾ ನಾನು ದಿನವೂ ನೋಡುತ್ತಿದ್ದೆ. ಮೊದಲು ಎಲ್ಲವನ್ನೂ ಮುಟ್ಟಬೇಕು. ನೂಲನ್ನು ಬೀದಿಗೆ ತಂದು ಬಿಸಿಲಿಗೆ ಹಿಡಿಯಬೇಕು, "ಇದಲ್ಲ, ಸಾಯಂಕಾಲದ ನೊಣದ ಬಣ್ಣ" ಎಂದು ಹಿಂದಿರುಗಿಸಬೇಕು. ಆಮೇಲೆ ತಪ್ಪಿಸಿಕೊಂಡ ಮೀನಿನ ಉದ್ದವನ್ನು ಕೈಯಗಲಿಸಿ ತೋರಿಸಬೇಕು. ಅಯ್ಯನವರ ಹೆಂಡತಿ ರುದ್ರಾಣಮ್ಮ ಒಳಗಿನಿಂದಲೇ ಗೊಣಗುತ್ತಿದ್ದರು: "ನಾವು ಧಾರೆ ಸೀರೆಗೂ ಇಷ್ಟು ಆರ್ಸಿರಲಿಲ್ಲ ಕಣಮ್ಮ!"

ಇನ್ನೊಂದು ಬೇಕಿತ್ತು, ಹುಂಜದ ಕತ್ತಿನ ಗರಿ. ಅದನ್ನು ಮಾತ್ರ ಅಯ್ಯನವರು ಹೊಸಿಲು ದಾಟಿಸಲಿಲ್ಲ. ಕೇಳಿದವರಿಗೆ ಮಾತಾಡದೆ ಗದ್ದ ಎತ್ತಿ ನಮ್ಮ ಮನೆ ತೋರಿಸುವರು. ನಮ್ಮತ್ತೆ ಲಕ್ಕಮ್ಮನವರು ಹಿತ್ತಲಲ್ಲಿ ಸಾಕಿದ ಕೆಂಪು ಹುಂಜಕ್ಕೆ ಹೀಗೆ ಗ್ರಹಚಾರ ಕೂಡಿಬಂತು. ಉದುರಿದ್ದನ್ನು ಮಾತ್ರ ಕೊಡುತ್ತೇನೆಂದಿದ್ದ ಅತ್ತೆ, ನಾರಾಯಣಪ್ಪನವರು ಒಳ್ಳೆಯ ಹೊಗೆಸೊಪ್ಪು ತಂದುಕೊಟ್ಟ ದಿನದಿಂದ ಸ್ವಲ್ಪ ಉದುರಿಸಿಯೂ ಕೊಟ್ಟರು. ನಾರಾಯಣಪ್ಪನವರ ಕೆಮ್ಮು ಕೇಳಿದರೆ ಸಾಕು, ಹುಂಜ ಹೆಂಚಿನ ಮೇಲೇರಿ ಕೂರುತ್ತಿತ್ತು.

ಒಂದು ಶನಿವಾರ ಪುಟ್ಟಿಗೆ ಉಡಿದಾರ ತರಲೆಂದು ಅವಳನ್ನು ಸೊಂಟಕ್ಕೇರಿಸಿಕೊಂಡು ಹೋದೆ. ಅಯ್ಯನವರು ಗೋಡೆಗೆ ಮುಖ ಮಾಡಿ ನಿಂತಿದ್ದರು. ನಾರಾಯಣಪ್ಪನವರಿಗೆಂದು ತೆಗೆದಿಟ್ಟ ರೇಷ್ಮೆಗೆ ವಿಭೂತಿ ತಾಗಿಸಿ, ಕಣ್ಣಿಗೊತ್ತಿಕೊಂಡು, "ಶಿವಾ, ಒಂದು ಮೀನೂ ಇದಕ್ಕೆ ಮರುಳಾಗದಿರಲಪ್ಪಾ" ಎಂದು ಬೇಡುತ್ತಿದ್ದರು!

ನಾನು ಬಾಯಿಗೆ ಸೆರಗು ಒತ್ತಿಕೊಂಡರೂ ನಗು ತಡೆಯಲಿಲ್ಲ.

"ಯಾರಿಗೂ ಹೇಳ್ಬೇಡ ತಾಯಿ" ಎಂದರು ಅಯ್ಯನವರು, ಕಿವಿಯವರೆಗೂ ಕೆಂಪಾಗಿ. "ಅಂಗಡೀನೂ ಉಳೀಬೇಕು, ಮೀನೂ ಉಳೀಬೇಕು. ನಾನೇನ್ಮಾಡ್ಲಿ?"

"ಶಿವ ಕೇಳಿಸ್ಕೋತಾನಾ ಅಯ್ನೋರೆ?"

"ನಾರಾಯಣಪ್ಪನೋರ ಚೀಲ ನೋಡಿಲ್ವಾ ನೀನು?"

ನೋಡಿದ್ದೆ. ಭಾನುವಾರ ಬೆಳಗ್ಗೆ ಮುತ್ತತ್ತಿಯ ಹೊಳೆಗೆ ಹೊರಟ ಚೀಲ ರಾತ್ರಿ ಹಾಗೆಯೇ ಮಡಿಸಿಕೊಂಡು ಬರುತ್ತಿತ್ತು. ಮಾರನೆಯ ದಿನ ಅವರು ಪೆಚ್ಚುಮುಖ ಹಾಕಿಕೊಂಡು ಬಂದರೆ ಅಯ್ಯನವರು, "ಸಿಗಲಿಲ್ವೇ? ಛೆ ಛೆ, ಬಿಡಿ, ಒಳ್ಳೇದೇ ಆಯ್ತು" ಎಂದು ಬೆಲ್ಲ ನೀರು ಕೊಡುವರು.

ನಾನು ಬಾಯಿ ಬಿಡಲಿಲ್ಲ. ಬಿಟ್ಟವರು ರುದ್ರಾಣಮ್ಮ, ಅದೂ ಗಂಡನ ಮಾನ ಉಳಿಸಲು ಹೋಗಿ. ರೇವಣಸಿದ್ದಯ್ಯ ಒಂದು ಸಂಜೆ ತಂಗಿಯ ಮನೆಗೆಂದು ಬಂದವನು ಅಂಗಡಿಯಲ್ಲೇ ನಿಂತುಬಿಟ್ಟ. ಬೆಂಚಿನ ತುಂಬ ಗಾಳದವರು.

"ಏನ್ ಭಾವ, ಕೊರಳಲ್ಲಿ ಲಿಂಗ, ಕೈಯಲ್ಲಿ ಗಾಳವೋ? ಸಾಕು ಮಾಡು. ನಾಳೆಯಿಂದ ಮಂಡಿಗೆ ಬಂದ್ಬಿಡು, ಚಾಪೆ ಹಾಸಿಟ್ಟಿದೀನಿ."

ಅಯ್ಯನವರು ತಲೆ ತಗ್ಗಿಸಿದರು. ಒಳಗಿದ್ದ ರುದ್ರಾಣಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಅಣ್ಣಾ, ನಾಲಿಗೆ ಬಿಗಿ ಹಿಡಿ! ನಮ್ಮ ಯಜಮಾನರ ಮನಸ್ಸು ನಿಂಗೇನ್ ಗೊತ್ತು? ಒಂದೊಂದು ಉಂಡೆಗೂ ವಿಭೂತಿ ಹಚ್ಚಿ, ಈ ಜನಕ್ಕೆ ಒಂದು ಮೀನೂ ಸಿಗದಿರ್ಲಿ ಅಂತ ಶಿವನ್ನ ಬೇಡ್ಕೊಂಡೇ ಕೊಡೋದು! ಒಂದು ವರ್ಷದಿಂದ ಇವರ್ಯಾರಾದ್ರೂ ಒಂದು ಮೀನು ತಂದಿದಾರಾ, ಕೇಳು!"

ಶೀನಣ್ಣ ಕೈಯಲ್ಲಿದ್ದ ರೇಷ್ಮೆಯನ್ನು ಚೇಳು ಮುಟ್ಟಿದವನ ಹಾಗೆ ಕೆಳಗಿಟ್ಟ. ನಾರಾಯಣಪ್ಪನವರು ಎದ್ದು, "ಅಯ್ನೋರೆ, ನೀವಾ?" ಎಂದಷ್ಟೇ ಹೇಳಿ ನಡೆದರು. ಹಿಂದೆಯೇ ಎಲ್ಲರೂ. ರೇವಣಸಿದ್ದಯ್ಯ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಾ ಮನೆ ಹೊಕ್ಕ.

ಆಮೇಲೆ ಅಂಗಡಿಗೆ ನರಪಿಳ್ಳೆಯೂ ಬರಲಿಲ್ಲ. ಬೇರೆ ಅಂಗಡಿಯವರು ನೊಣ ಹೊಡೆದರೆ, ಅಯ್ಯನವರು ನೊಣವನ್ನೂ ಹೊಡೆಯದೆ ಕೂತರು. ರುದ್ರಾಣಮ್ಮ ನನ್ನ ಅಡುಗೆಮನೆಗೆ ಬಂದು ಅತ್ತರು: "ನನ್ನ ಬಾಯಿಂದಲೇ ಅವರನ್ನ ಆ ಚಾಪೆ ಮೇಲೆ ಕೂರಿಸ್ದೆನಲ್ಲಮ್ಮ. ಯುಗಾದಿಗೆ ಅಂಗಡಿ ಬಿಟ್ಟುಕೊಡ್ತಾರಂತೆ."

ಅಳುವವರ ಜೊತೆ ಕೂತು ಅತ್ತರೆ ಒಲೆ ಉರಿಯುವುದಿಲ್ಲ. ನಾರಾಯಣಪ್ಪನವರು ಗರಿಗೆ ನಮ್ಮ ಮನೆಗೇ ಬರಬೇಕಲ್ಲವೇ, ಬರಲಿ ಎಂದು ಕಾದೆ.

ಬಂದರು, ಎದುರಂಗಡಿಯ ಕಡೆ ಕಣ್ಣು ಹಾಯಿಸದೆ, ಗೋಡೆ ಬದಿಯಲ್ಲೇ. ಹುಂಜ ಹೆಂಚಿಗೆ ಹಾರಿತು.

"ಹೋದ ವಾರ ಹೊಳೆಗೆ ಹೋಗಿದ್ರಾ ನಾರಾಯಣಪ್ಪನೋರೆ?" ಎಂದೆ, ಪುಟ್ಟಿಯ ತಲೆ ಬಾಚುತ್ತಾ. "ರೇಷ್ಮೆ ಎಲ್ಲಿ ತಂದ್ರಿ?"

"ಚಿಕ್ಕಪೇಟೇಲಿ ತಂದೆ. ವಿಭೂತಿ ಗಿಭೂತಿ ಏನಿಲ್ಲ."

"ಹಂಗಾದ್ರೆ ಚೀಲ ತುಂಬಿರ್ಬೇಕು."

ಅವರು ಹುಂಜವನ್ನೇ ದಿಟ್ಟಿಸುತ್ತಾ ನಿಂತರು.

"ಇಲ್ವಾ? ಅಯ್ಯೋ. ಲಕ್ಷ್ಮೀದೇವಮ್ಮನೋರು ಏನಂದ್ರು?"

ಲಕ್ಷ್ಮೀದೇವಮ್ಮ ಅವರ ಹೆಂಡತಿ. ಅವರ ನಾಲಿಗೆಯ ಹರಿತ ಪೇಟೆಗೆಲ್ಲ ಗೊತ್ತು. ನಾರಾಯಣಪ್ಪನವರು ಮೆಲ್ಲಗೆ ಜಗುಲಿಯ ಮೇಲೆ ಕೂತರು.

"ಏನಂತಾಳಮ್ಮ. ಮಸಾಲೆ ಅರೆದಿಟ್ಕೊಂಡು ಕಾಯ್ತಿದ್ಲು. 'ಈಗ ಅಯ್ನೋರ ಶಾಪಾನೂ ಇಲ್ಲ, ಇನ್ನೇನು ನೆಪ ಹೇಳ್ತೀಯ?' ಅಂದ್ಲು. ಮಕ್ಳೆಲ್ಲ ನಕ್ರು."

"ಪಾಪ. ಶೀನಣ್ಣನಿಗೆ?"

"ಅವ್ನಿಗೂ ಅದೇ ಗತಿ."

"ನೋಡಿ," ಎಂದೆ, "ಶಿವನೇ ಅಡ್ಡ ನಿಂತಿದ್ದ ಅಂದ್ರೆ ಯಾರ ಹೆಂಡ್ತಿ ತಾನೇ ಏನಂತಾಳೆ? ನಿಮ್ಮ ಕೈಚಳಕಕ್ಕೆ ಅದು ಕುಂದಾ? ಹಾಗೆ ಅಡ್ಡ ನಿಲ್ಲಿಸಿ ಕೊಡೋ ಅಂಗಡಿ ಈ ಊರಲ್ಲಿ ಒಂದೇ ಇರೋದು. ಯುಗಾದಿಗೆ ಅದೂ ಮುಚ್ಚುತ್ತಂತೆ."

ನಾರಾಯಣಪ್ಪನವರು ಗರಿ ಕೇಳುವುದನ್ನೂ ಮರೆತು ಎದ್ದರು. ಬೀದಿ ದಾಟಿದರು. ಅಂಗಡಿಯಲ್ಲಿ ಅಯ್ಯನವರು ಗಡಬಡಿಸಿ ನಿಂತು ಕೈಮುಗಿದರು.

"ತಪ್ಪಾಯ್ತು ನಾರಾಯಣಪ್ಪನೋರೆ. ಇನ್ಮೇಲೆ ವಿಭೂತಿ ಹಚ್ಚಲ್ಲ, ಬೇಡ್ಕೊಳ್ಳೋದೂ ಇಲ್ಲ."

"ಹಚ್ಚಲ್ವಾ?" ನಾರಾಯಣಪ್ಪನವರು ಗುಡುಗಿದರು. "ಹಚ್ಚದೆ ಇದ್ರೆ ನಂಗೆ ಈ ನೂಲು ಯಾಕ್ರೀ ಬೇಕು? ಹಚ್ಚಿ. ನನ್ನ ಕಣ್ಣೆದುರಿಗೇ ಹಚ್ಚಿ. ಶೀನಣ್ಣನಿಗೂ ಒಂದು ಉಂಡೆ ಹಚ್ಚಿಟ್ಟಿರಿ."

ಯುಗಾದಿ ಕಳೆಯಿತು. ಅಂಗಡಿ ಬಾಗಿಲು ತೆರೆದೇ ಇದೆ, ತರಗುಪೇಟೆಯ ಚಾಪೆ ಸುತ್ತಿ ಮೂಲೆ ಸೇರಿತು. ಈಗ ಗಾಂಧಿನಗರದಿಂದಲೂ ಗಾಳದವರು ಬರುತ್ತಾರೆ. ಬಣ್ಣ ಸ್ವಲ್ಪ ಹೆಚ್ಚುಕಡಿಮೆಯಾದರೂ ತಕರಾರಿಲ್ಲ. "ವಿಭೂತಿ ಆಯ್ತಾ ಅಯ್ನೋರೆ?" ಎಂಬುದೊಂದೇ ಕೇಳುತ್ತಾರೆ.

ಹೋದ ಸೋಮವಾರ ಮಾತ್ರ ಒಂದು ಎಡವಟ್ಟಾಯಿತು. ನಾರಾಯಣಪ್ಪನವರಿಗೆ ಅಂಗೈಯಗಲದ ಒಂದು ಮೀನು ಸಿಕ್ಕಿಬಿಟ್ಟಿತ್ತು. ಸುದ್ದಿ ಕೇಳಿ ಅಯ್ಯನವರ ಮುಖ ಬಾಡಿತು, ಬೆಲ್ಲ ನೀರು ಕೊಡುವುದಕ್ಕೂ ಕೈ ಏಳಲಿಲ್ಲ.

ನಾರಾಯಣಪ್ಪನವರೇ ಬೆನ್ನು ಸವರಿದರು. "ಬೇಜಾರ್ ಮಾಡ್ಕೋಬೇಡಿ. ನಿಮ್ಮ ಶಿವಂದೇನೂ ತಪ್ಪಿಲ್ಲ. ನೀರಲ್ಲಿ ನೆಂದು ವಿಭೂತಿ ತೊಳೆದೋಗಿತ್ತು ಅಂತ ಕಾಣ್ತದೆ."

ಅಯ್ಯನವರು ಕೈಚಾಚಿ ಮೇಲಿನ ಹಲಗೆಯಿಂದ ಮೇಣದ ಡಬ್ಬಿ ಇಳಿಸಿದರು.

"ಹಂಗಾದ್ರೆ ಇನ್ಮೇಲೆ ವಿಭೂತಿ ಮೇಲೆ ಒಂದು ಕೈ ಮೇಣ ಸವರಿಬಿಡೋಣ."