ಎಡಚಕ್ಕನ ರೆಕ್ಕೆ ಯಾವುದು?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎತ್ತರದ ಕಿಟಕಿಗಳಿಂದ ಇಳಿದ ಮಂಕು ಬೆಳಕಿನಲ್ಲಿ ಇಬ್ಬರಷ್ಟೇ ಕೂರಬಹುದಾದ ಪುಟ್ಟ ವಿಮಾನವೊಂದು ನಿಂತಿದೆ. ಅದರ ರೆಕ್ಕೆಯ ಕೆಳಗೆ, ಪೊರಕೆಯನ್ನು ಗೋಡೆಗೆ ಒರಗಿಸಿಟ್ಟು, ಹಿರಿಯ ಹೆಂಗಸೊಬ್ಬರು ರೆಕ್ಕೆಗೆ ಹೊದಿಸಿದ ಬಟ್ಟೆಯ ಮೇಲೆ ಬೆರಳಾಡಿಸುತ್ತಿದ್ದಾರೆ. ಕತ್ತಲಲ್ಲಿ ಬೀಗದ ತೂತು ಹುಡುಕುವವರ ಹಾಗೆ. ಸ್ವಲ್ಪ ಹೊತ್ತಿಗೆ ಆಚೆಯ ರೆಕ್ಕೆಗೆ ಹೋಗುತ್ತಾರೆ. ಮತ್ತೆ ಈಚೆಗೆ ಬರುತ್ತಾರೆ.

"ಏನು ಸೂಜಮ್ಮ, ಅಜ್ಜಿಗೆ ಅರಿವೆ ಚಿಂತೆ ಅಂತಾರಲ್ಲ, ನಿಮ್ಮನ್ನ ನೋಡೇ ಹೇಳಿದ್ರಾ?" ಬಾಗಿಲಲ್ಲಿ ಕಾವಲುಗಾರ ನಗುತ್ತಾನೆ.

"ಹೂಂ ಕಣಪ್ಪ, ಇವತ್ತು ಆ ಗಾದೆ ನನ್ನ ಹೆಗಲೇರಿ ಕೂತಿದೆ," ಎನ್ನುತ್ತಾರೆ ಅವರು.

ಸೂಜಮ್ಮ ಎಂಬುದು ಕಾರ್ಖಾನೆ ಇಟ್ಟ ಹೆಸರು. ಹಗುರ ವಿಮಾನಗಳನ್ನು ಮಾಡುತ್ತಿದ್ದ ಆ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಅದರ ಹೊಲಿಗೆಯ ಕೋಣೆಯೇ ಈಗ ಅದರ ಕಥೆ ಹೇಳುವ ವಸ್ತುಸಂಗ್ರಹಾಲಯ. ಅಂದು ಹೊಲಿದ ಜಾಗದಲ್ಲೇ ಇಂದು ಇವರು ಕಸ ಗುಡಿಸುತ್ತಾರೆ, ಗಾಜು ಒರೆಸುತ್ತಾರೆ. ವಿಮಾನಕ್ಕೆ ಬಟ್ಟೆಯೇ ಎಂದು ನೋಡಲು ಬಂದವರು ನಗುವುದುಂಟು. ಹೌದು, ಬಟ್ಟೆಯೇ. ಮರದ ಪಕ್ಕೆಲುಬುಗಳ ಮೇಲೆ ಬಟ್ಟೆ ಬಿಗಿದು, ಹೊಲಿದು, ಗಂಟುಗಳ ಮೇಲೆ ಪಟ್ಟಿ ಅಂಟಿಸಿ, ಆಮೇಲೆ ಬಟ್ಟೆ ಬಿರುಸಾಗಲೆಂದು ಅರಗಿನಂಥ ದ್ರಾವಣ ಬಳಿಯುತ್ತಿದ್ದರು.

"ಆ ಅರಗಿನ ವಾಸನೆಗೆ ತಲೆ ಗಿರ್ರ್ ಅನ್ನೋದು. ಮನೆಗೆ ಹೋದ್ರೆ ಮಕ್ಕಳು, ಅಯ್ಯೋ ನೇಲ್ ಪಾಲಿಶ್ ಡಬ್ಬ ಬಂತು ಅಂತ ಮೂಗು ಮುಚ್ಕೊಂಡು ಓಡೋವು." ಇವರ ಕಥೆ ಕೇಳಲೆಂದೇ ಬೆಳಗಾಗುವ ಮುನ್ನ ಬಂದಿರುವ ನನಗೆ ಸೂಜಮ್ಮ ಹೇಳುತ್ತಾರೆ.

ಹೊಲಿಗೆ ಒಬ್ಬರ ಕೆಲಸವಲ್ಲ. ರೆಕ್ಕೆಯನ್ನು ಗೋಡೆಯ ಹಾಗೆ ನಿಲ್ಲಿಸಿ, ಆಚೆಗೊಬ್ಬರು ಈಚೆಗೊಬ್ಬರು ನಿಲ್ಲಬೇಕು. ಇವರು ತೂರಿಸಿದ ಮೊಳದುದ್ದದ ಸೂಜಿಯನ್ನು ಅವರು ಎಳೆದು, ತಿರುಗಿಸಿ ಇತ್ತ ತೂರಿಸಬೇಕು. ಸೂಜಮ್ಮನ ಆಚೆ ನಿಲ್ಲುತ್ತಿದ್ದವರು ಅವರ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಎಡಗೈಯವರಾದ್ದರಿಂದ ಎಲ್ಲರ ಬಾಯಲ್ಲೂ ಎಡಚಕ್ಕ.

"ಮನೇಲಿ ಒಲೆ ಮುಂದೆ ಮಾತು ಬಿಟ್ಟಿದ್ವಿ. ಏನೋ ಪಾತ್ರೆ ಜಗಳ. ಇಲ್ಲಿ ಬಿಡೋಕಾಗುತ್ತಾ? ಬಂತು ಅನ್ನದೆ ಸೂಜಿ ತೂರಿಸಿದ್ರೆ ಆಚೆಯವಳ ಕೈಗೆ ಚುಚ್ಚುತ್ತೆ. ಹಂಗಾಗಿ ಬಂತು, ಹೋಯ್ತು, ಬಂತು, ಹೋಯ್ತು ಅಂತಂತಾನೇ ರಾಜಿಯಾದ್ವಿ!"

ಗಂಟು ಮಾತ್ರ ಒಂದೇ ಕಡೆಯವರು ಹಾಕುವುದು. ಒಂದು ರೆಕ್ಕೆಗೆ ಒಬ್ಬರು, ಇನ್ನೊಂದಕ್ಕೆ ಇನ್ನೊಬ್ಬರು. ಗಂಟು ಯಾರದೋ ರೆಕ್ಕೆ ಅವರದು, ಇದು ಕೋಣೆಯ ಕಟ್ಟಳೆ. ಇಲ್ಲಿ ನಿಂತಿರುವುದು ಅವರಿಬ್ಬರೂ ಸೇರಿ ಹೊಲಿದ ಕಡೆಯ ವಿಮಾನ.

ಈಗ ಒಳಗಿನ ಮರಗೆಲಸ ಜನರಿಗೆ ಕಾಣಲೆಂದು ಒಂದು ರೆಕ್ಕೆಯ ಬಟ್ಟೆ ಬಿಚ್ಚಬೇಕಾಗಿದೆ. ಯಾವುದನ್ನು ಬಿಚ್ಚಲಿ ಎಂದು ಸಂಗ್ರಹಾಲಯದ ಮೇಡಂ ಕೇಳಿದಾಗ ಸೂಜಮ್ಮ ಹಿಂದೆಮುಂದೆ ನೋಡಲಿಲ್ಲ. "ಬಲದ್ದು ಬಿಚ್ಚಿ ಮೇಡಂ, ಅದು ನಂದು. ಎಡದ್ದು ಅಕ್ಕಂದು, ಮುಟ್ಟಬೇಡಿ" ಎಂದುಬಿಟ್ಟರು. ಎಡಚಕ್ಕ ತೀರಿಕೊಂಡಿದ್ದಾರೆ. ಗೋಡೆಯ ಮೇಲೆ ವಿಮಾನ ಹಾರಿಸಿದವರ ಪಟಗಳಿವೆ, ನಕ್ಷೆ ಬರೆದವರ ಪಟಗಳಿವೆ, ಹೊಲಿದವರದು ಒಂದೂ ಇಲ್ಲ. ಆಕೆ ಇಲ್ಲಿ ಉಳಿದಿರುವುದು ಆ ಗಂಟುಗಳಲ್ಲಿ ಮಾತ್ರ.

ಬಿಚ್ಚುವ ದಿನ ಇವತ್ತೇ. ನಿನ್ನೆ ಸಂಜೆ ಬಸ್ಸಿನಲ್ಲಿ ಕೂತಾಗ ಸೂಜಮ್ಮನ ತಲೆಗೆ ಹುಳ ಹೊಕ್ಕಿತು.

"ಮೇಸ್ತ್ರಿ ದಿನಾ ಕೂಗೋರು, ಎಡದ್ದು ಆಯ್ತಾ, ಎಡದ್ದು ಕಳಿಸಿ ಅಂತ. ಎಡಗಡೆ ರೆಕ್ಕೆನಾ, ಎಡಚಕ್ಕನ ರೆಕ್ಕೆನಾ? ಆವಾಗ ಕೆಲಸ ನಡೀತಿತ್ತು, ಯಾರು ಕೇಳ್ತಾರೆ? ಅದನ್ನೇ ಕೇಳಿ ಕೇಳಿ, ಎಡದ್ದು ಅಕ್ಕಂದು ಅಂತ ನನ್ನ ಮನಸ್ಸಲ್ಲಿ ಕೂತಿರಬೇಕು. ಅವಳು ಬಲಗಡೆದಕ್ಕೆ ಗಂಟು ಹಾಕಿದ್ದಿದ್ರೂ ಅವರು ಎಡದ್ದು ಅಂತಾನೇ ಅಂದಿರ್ತಾರಲ್ಲ!"

ಕಾವಲುಗಾರ ವಿಮಾನದ ಮೂಗಿನ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಾನೆ. "ಅದಿರ್ಲಿ ಸೂಜಮ್ಮ, ಎಡ ಅಂದ್ರೆ ಯಾರ ಎಡ? ಒಳಗೆ ಕೂತೋನದಾ, ಎದುರು ನಿಂತಿರೋ ನನ್ನದಾ?"

"ನೀನು ಬಾಯಿ ಮುಚ್ಚಪ್ಪ. ಇರೋ ಅನುಮಾನಕ್ಕೇ ಜಾಗ ಸಾಲ್ತಿಲ್ಲ, ಇನ್ನೊಂದು ಮರಿ ಹಾಕಿಸಬೇಡ."

ಎಡಗೈಯವರ ಗಂಟು ಬೇರೆ ಕಡೆಗೆ ವಾಲುವುದಿಲ್ಲವೇ, ಪಟ್ಟಿ ಕಿತ್ತು ನೋಡಿದರೆ ತಿಳಿಯದೇ ಎಂದು ನಾನು ಕೇಳುತ್ತೇನೆ. ಬುದ್ಧಿವಂತಿಕೆಯ ಮಾತಾಡಿದೆ ಅಂದುಕೊಂಡಿದ್ದೆ. ಅವರು ನಗುತ್ತಾರೆ.

"ನನಗೆ ಗಂಟು ಕಲಿಸಿದ್ಯಾರು? ಅವಳೇ. ಅವಳ ಕೈ ನೋಡೇ ಕಲಿತೆ. ನಂದೂ ಅತ್ತಲೇ ವಾಲುತ್ತೆ."

ಬಿಸಿಲು ಒಳಗೆ ಬರುವ ಹೊತ್ತಿಗೆ ಮೇಡಂ ಬ್ಲೇಡು ಹಿಡಿದು ಬರುತ್ತಾರೆ. "ಅಮ್ಮಾ, ಬಲದ್ದು ತಾನೇ?"

"ಗೊತ್ತಿಲ್ಲ ಮೇಡಂ."

"ಮೊನ್ನೆ ಅಷ್ಟು ಖಚಿತವಾಗಿ ಹೇಳಿದ್ರಲ್ಲ?"

"ಮೊನ್ನೆ ಗೊತ್ತಿತ್ತು."

ಮೇಡಂ ಒಮ್ಮೆ ಅವರ ಮುಖ, ಒಮ್ಮೆ ರೆಕ್ಕೆ ನೋಡುತ್ತಾರೆ. ಬೇಡವೆಂದರೆ ಬಿಟ್ಟುಬಿಡೋಣ ಎನ್ನುತ್ತಾರೆ. ಸೂಜಮ್ಮ ಬಲರೆಕ್ಕೆಯ ಮೇಲೆ ಕೈಯಿಟ್ಟು ತಲೆಯಾಡಿಸುತ್ತಾರೆ.

"ಬಿಡೋದು ಬೇಡ. ಬಡಗಿಗಳ ಕೆಲಸ ನಾವೇ ಬಟ್ಟೆ ಹೊದಿಸಿ ಮುಚ್ಚಿದ್ದು. ಅವರದ್ದೂ ಕಾಣ್ಲಿ ಪಾಪ. ಇದೇ ಇರಲಿ, ಆಗಿದ್ದಾಗ್ಲಿ. ಬ್ಲೇಡು ಮಾತ್ರ ಬೇಡ, ನಾನೇ ಬಿಚ್ತೀನಿ. ಕುಯ್ಯಿಸ್ಕೊಳ್ಳೋ ಅಂಥ ತಪ್ಪು ಇಬ್ರೂ ಮಾಡಿಲ್ಲ."

ಸ್ಟೂಲು ಎಳೆದು ಕೂರುತ್ತಾರೆ. ಥಿನ್ನರಿನಲ್ಲಿ ಅದ್ದಿದ ಬಟ್ಟೆ ಒತ್ತಿ ಒತ್ತಿ, ಗರಿಗರಿಯಾದ ಪಟ್ಟಿಯ ಒಂದು ತುದಿ ಎಬ್ಬಿಸುತ್ತಾರೆ. ಮೊದಲ ಗಂಟು ಕಾಣುತ್ತದೆ. ಉಗುರು ಹಾಕುತ್ತಾರೆ, ಅಲುಗುವುದಿಲ್ಲ. ದಬ್ಬಳದ ಮೊನೆ ಹಾಕುತ್ತಾರೆ, ಜಾರುತ್ತದೆ. ಹಣೆಯಲ್ಲಿ ಬೆವರು.

"ಯಾರದು ಅಂತ ತಿಳೀತಾ ಅಮ್ಮ?" ಎನ್ನುತ್ತೇನೆ.

ಸೂಜಮ್ಮ ಗಂಟಿನಿಂದ ಕಣ್ಣು ತೆಗೆಯುವುದಿಲ್ಲ.

"ಇಲ್ಲ. ಯಾರಾದ್ರೂ ಆಗ್ಲಿ, ಸರಿಯಾಗೇ ಬಿಗಿದಿದ್ದಾಳೆ."