ಎಡೆ ಹಿಡಿಯುವ ತನಕ

ತಂಬ್ರಹಳ್ಳಿಯ ನನ್ನ ಗಂಡನ ಮನೆಯಲ್ಲಿ ಮಾವನವರ ಪೂಜೆ ಮುಗಿದು, ಅಡುಗೆಯನ್ನು ದೇವರಿಗೆ ಎಡೆ ಹಿಡಿಯುವ ತನಕ ಯಾರೂ ಬಾಯಿಗೆ ಏನೂ ಹಾಕುವಂತಿರಲಿಲ್ಲ. ಮಾವ ನಿಧಾನಸ್ಥರು. ವಿಭೂತಿ ಹಚ್ಚಿಕೊಳ್ಳಲಿಕ್ಕೇ ಅವರಿಗೆ ಎರಡು ಎಮ್ಮೆ ಹಿಂಡುವಷ್ಟು ಹೊತ್ತು ಬೇಕು.

ನಾನು ತುಂಬಿದ ಬಸುರಿ. ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಹಗರಿಬೊಮ್ಮನಹಳ್ಳಿಯ ಡಾಕ್ಟರಮ್ಮ, "ಹೊತ್ತೊತ್ತಿಗೆ ಉಣ್ತೀ ಇಲ್ಲೋ?" ಎಂದು ಕೇಳಿದರು. ಜೊತೆಗಿದ್ದ ಅತ್ತೆ ನನಗಿಂತ ಮೊದಲೇ, "ಮೂರು ಹೊತ್ತೂ ಉಣ್ತಾಳ್ರಿ, ಒಂದು ಹೊತ್ತೂ ತಪ್ಪಿಸಿಲ್ರಿ" ಅಂದರು. ಸುಳ್ಳಲ್ಲ. ಆದರೆ ಆ ಮನೆಯ ಮೊದಲ ಹೊತ್ತು ಶುರುವಾಗುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ಬೆಳಿಗ್ಗೆ ಎದ್ದು ಇನ್ಸುಲಿನ್ ಚುಚ್ಚಿಕೊಂಡು, ಅರ್ಧ ತಾಸಿನೊಳಗೆ ಉಣ್ಣಬೇಕು, ಇಲ್ಲದಿದ್ದರೆ ಸಕ್ಕರೆ ತೀರಾ ಇಳಿದುಬಿಡುತ್ತದೆ ಎಂದು ಡಾಕ್ಟರಮ್ಮ ಇಬ್ಬರಿಗೂ ಬಿಡಿಸಿ ಹೇಳಿದರು.

ಮನೆಗೆ ಬಂದು ಅತ್ತೆ ಆ ಮಾತನ್ನು ಎರಡು ತುಂಡು ಮಾಡಿದರು. ಸೂಜಿ ಔಷಧ, ಅದಕ್ಕೆ ಎಡೆ ಬೇಕಿಲ್ಲ. ಊಟಕ್ಕೆ ಬೇಕು.

ಒಂದೆರಡು ದಿನ ಮಾವ ಪೂಜೆಯಿಂದ ಬೇಗ ಎದ್ದರು, ಬದುಕಿಕೊಂಡೆ. ಆಮೇಲೊಂದು ಬೆಳಿಗ್ಗೆ ಎತ್ತು ನೋಡಲು ಯಾರೋ ಬಂದರು. ಮಾವ ಅವರೊಡನೆ ದನ ಕಟ್ಟುವ ಹಕ್ಕಿಯಲ್ಲೇ ನಿಂತುಬಿಟ್ಟರು. ಸೂಜಿ ಚುಚ್ಚಿಕೊಂಡು ತಾಸು ದಾಟಿತ್ತು, ನನಗೆ ಬೆವರು ಕಿತ್ತುಕೊಂಡು ಬಂತು.

"ಅತ್ತಿ, ಕಣ್ಣಿಗೆ ಕತ್ಲಿ ಬರಾಕತ್ತೈತ್ರಿ. ಒಂದು ತುತ್ತು ರೊಟ್ಟಿ ಕೊಡ್ರಿ."

"ತಡಿಯವ್ವ, ಮಾವ ಈಗ ಜಳಕಕ್ಕ ಹೋಗ್ಯಾರ. ದೇವ್ರ ಎಡಿ ಎಂಜಲ ಮಾಡಬಾರ್ದು."

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ರೊಟ್ಟಿ ಬುಟ್ಟಿಗೆ ಕೈ ಹಾಕಲು ನಾನೇ ಎದ್ದೆ. ಅಡುಗೆಮನೆಯ ಹೊಸ್ತಿಲ ಮೇಲೆ ಹೊಟ್ಟೆ ಅಡಿಯಾಗಿ ಬಿದ್ದೆ.

ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಅದು ಅಳಲಿಲ್ಲ. ಅತ್ತೆ ಎದೆ ಬಡಿದುಕೊಂಡು ಅತ್ತರು. ಆ ಅಳುವಿನಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ನನ್ನ ಸಿಟ್ಟಿಗೆ ಒಂದು ದಾರಿಯಾದರೂ ಸಿಗುತ್ತಿತ್ತು.

ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಆ ಮನೆಯಲ್ಲೇ ನಡೆಯಿತು. ಹೆತ್ತವಳ ಅಡುಗೆ ಬೇರೆ ಒಲೆಯ ಮೇಲೆ ಆಗುತ್ತದೆ, ಅದನ್ನು ದೇವರ ಮುಂದೆ ಇಡುವುದಿಲ್ಲ, ಹಾಗಾಗಿ ಅದಕ್ಕೆ ಕಾಯುವ ಹಂಗೂ ಇಲ್ಲ. ಮಾವ ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ, ಅತ್ತೆ ಬಿಸಿ ಅನ್ನ, ತುಪ್ಪ, ಬೆಳ್ಳುಳ್ಳಿ ಸಾರು ತಂದು ಮುಂದಿಟ್ಟರು.

"ಉಣ್ಣವ್ವ, ಆರಿ ಹೋಗ್ತೈತಿ. ಬಾಣಂತಿ ಹಸಿದು ಕುಂದ್ರಬಾರ್ದು."

ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿತ್ತು. ಹಸಿವಾಗಿತ್ತು, ಉಂಡೆ.